ಪಕ್ಕದಲ್ಲಿದ್ದವಳಿಗೆ ಕೇಳಿಸದ ಸ್ವಗತ

ಫೆಬ್ರವರಿ 3, ಸೋಮವಾರ

ಎಲೈ ಬಿಳಿಯ ಹಾಳೆಯೇ, ಕಿವಿಗೊಟ್ಟು ಕೇಳು! ಮಸಿನಗುಡಿ ಬಜಾರಿನ ಗುರುಸ್ವಾಮಿ ಸೌಂಡ್ ಸರ್ವಿಸ್‌ನ ಒಡೆಯ, ಗುಂಡ್ಲುಪೇಟೆ ಹಾರ್ಮೋನಿಯಂ ಮೇಷ್ಟರ ಜ್ಯೇಷ್ಠ ಪುತ್ರ, ಹಾಲುಹಲ್ಲು ಬಿದ್ದು ಮುಗಿಯುವ ಮೊದಲೇ ಬಾಲರಾಜನಾಗಿ ರಂಗ ಹತ್ತಿದವನು, ಮೀಸೆ ಬಂದ ಮೇಲೆ ಗದೆ ಕುಟ್ಟಿ ರಂಗದ ಹಲಗೆಯನ್ನೇ ಮುರಿದವನು, ಇಗೋ ನಿನ್ನ ಮುಂದೆ ನಿಂತಿದ್ದೇನೆ! ನನ್ನ ಗಂಟಲಿಗೆ ಎಂದೂ ಮೈಕು ಬೇಕಾಗಿಲ್ಲ. ಊರಿನ ಮದುವೆ, ಸಾವು, ಸಭೆಗಳಿಗೆ ಬಾಡಿಗೆ ಕೊಡಲು ಇಟ್ಟುಕೊಂಡಿದ್ದೇನೆ, ಅಷ್ಟೆ.

ಅಂಕ ಒಂದು, ದೃಶ್ಯ ಒಂದು. ನಾಳೆ ಬೆಳಗಿನ ಬಸ್ಸಿಗೆ ಊಟಿ. ನನ್ನ ಮನೆಯಾಕೆ ಸರ್ವಮಂಗಳನ ಬಾಯಿಂದ ಹೊಟ್ಟೆಯವರೆಗೆ ಕ್ಯಾಮರಾ ಇರುವ ಕೊಳವೆ ಇಳಿಸಿ ನೋಡುತ್ತಾರಂತೆ. ಅಬ್ಬಬ್ಬಾ, ಇದೆಂಥ ಪಾತಾಳ ಪ್ರವೇಶ!

ಶುರುವಾದದ್ದು ದಸರಾ ಹೊತ್ತಿಗೆ. “ಎರಡು ತುತ್ತಿಗೇ ಹೊಟ್ಟೆ ತುಂಬೋಯ್ತದೆ ಕಣ್ರೀ” ಅಂದಳು. “ಗ್ಯಾಸು! ಬರೀ ಗ್ಯಾಸು!” ಎಂದು ನಾನು ತೀರ್ಪು ಕೊಟ್ಟೆ. ಸೋಡಾ ಕುಡಿಸಿದೆ, ಜೀರಿಗೆ ಕಷಾಯ ಕುಡಿಸಿದೆ, ಓಮ ಜಗಿಸಿದೆ. ರವಿಕೆ ಸಡಿಲವಾಯಿತು ಅಂದಳು. “ಮಗಳ ಮದುವೆಗೆ ಮುಂಚಿನ ರೂಪ ಬಂತು ಕಣೇ” ಎಂದು ಹೊಗಳಿದೆ. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅಂಗಡಿ ಬಾಗಿಲಿಗೆ ಬಂದು, ನನ್ನ ಕಿವಿಯ ಹತ್ತಿರ, ಹೊರಕಡೆ ಹೋದರೆ ಟಾರಿನ ಹಾಗೆ ಕಪ್ಪಗೆ ಆಗುತ್ತಿದೆ ಎಂದಳು. ನಾನು ಸುಮ್ಮನಿರುವ ಗಂಡೇ? “ರಾಗಿ ತಿಂದವಳಿಗೆ ಬಂಗಾರದ ಬಣ್ಣ ಬರುತ್ತೇನೇ?” ಎಂದೆ. ನನ್ನ ಮೆಲುದನಿಯೇ ಅಂಥದ್ದು. ಅಂಗಡಿಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಅವಳೂ ಸೆರಗು ಬಾಯಿಗಿಟ್ಟು ನಕ್ಕು ಒಳಗೆ ಹೋದಳು.

ಮೊನ್ನೆ ಶುಕ್ರವಾರ ನಲ್ಲಿಯ ಹತ್ತಿರ ತಲೆ ಸುತ್ತಿ ಬಿದ್ದಳು. ಇಲ್ಲಿನ ಸರ್ಕಾರಿ ಆಸ್ಪತ್ರೆಯ ಡಾಕ್ಟರು ಕಣ್ಣಿನ ರೆಪ್ಪೆ ಇಳಿಸಿ ನೋಡಿ, ರಕ್ತ ಪರೀಕ್ಷೆ ಮಾಡಿಸಿ, “ಮೈಯಲ್ಲಿ ಅರ್ಧ ರಕ್ತಾನೇ ಇಲ್ಲ. ಕಪ್ಪಗೆ ಹೋಗ್ತಿರೋದು ರಾಗಿ ಅಲ್ಲ ಸ್ವಾಮಿ, ರಕ್ತ. ಹೊಟ್ಟೆಯೊಳಗೆ ಎಲ್ಲೋ ಸೋರಿ, ಅಲ್ಲೇ ಬೆಂದು ಬರ್ತಿರೋ ರಕ್ತ” ಎಂದರು.

ಚಪ್ಪಾಳೆ ಗಿಟ್ಟಿಸಿದ ಮಾತನ್ನು ಹೇಗೆ ಹಿಂದಕ್ಕೆ ತೆಗೆದುಕೊಳ್ಳುವುದು? ರಂಗದ ಮೇಲೆ ಅದಕ್ಕೆ ದಾರಿಯಿಲ್ಲ. ಇರಲಿ! ನಾಳೆ ನಾನಿದ್ದೇನೆ. ಪರದೆ ಸರಿಯಲಿ!

ಫೆಬ್ರವರಿ 4, ಮಂಗಳವಾರ

ಕಲ್ಹಟ್ಟಿ ಘಾಟಿಯ ತಿರುವುಗಳಲ್ಲಿ ಮಂಗಳ ಕಣ್ಣು ಮುಚ್ಚಿಕೊಂಡೇ ಬಂದಳು. ಖಾಲಿ ಹೊಟ್ಟೆ, ವಾಂತಿಗೂ ಏನಿಲ್ಲ. ಊಟಿಯಲ್ಲಿ ಹುಲ್ಲಿನ ಮೇಲೆ ಮಂಜು ಉಪ್ಪಿನ ಹಾಗೆ ಕೂತಿತ್ತು.

ಡಾಕ್ಟರು ಹೆಣ್ಣುಮಗಳು, ಅಭಿನಯಾ ಎಂದು ಹೆಸರು! ಕೋತಗಿರಿ ಕಡೆಯ ಬಡಗರ ಹುಡುಗಿ. ಅವರ ಬಡಗ ಮಾತು ನಮ್ಮ ಮುತ್ತಜ್ಜಿಯರು ಆಡುತ್ತಿದ್ದ ಕನ್ನಡದ ಹಾಗೆ ಕಿವಿಗೆ ಬೀಳುತ್ತದೆ. ನಮಗೆಂದು ಸ್ವಲ್ಪ ತಿದ್ದಿ ಮಾತಾಡಿದರು. “ತಾಯಿ, ನಿಮ್ಮ ಹೆಸರೇ ಅರ್ಧ ನಾಟಕ” ಎಂದು ನಾನು ಕೋಣೆ ಅದುರುವಂತೆ ನಕ್ಕೆ. ನರ್ಸು ತೇನ್ಮೊಳಿ ತುಟಿಗೆ ಬೆರಳಿಟ್ಟಳು.

ನನ್ನನ್ನು ಹೊರಗೆ ಕೂರಿಸಿದರು. ಒಳಗಿಂದ ಅವಳು ಓಕರಿಸುವ ಸದ್ದು. ಬಾಗಿಲು ತೆರೆದು ಡಾಕ್ಟರು ನನ್ನೊಬ್ಬನನ್ನೇ ಕರೆದು ಟೀವಿಯ ಪರದೆಯಲ್ಲಿ ಚಿತ್ರ ತೋರಿಸಿದರು. ಹೊಟ್ಟೆಯ ಒಳಗೋಡೆ ಒದ್ದೆ ರೇಷ್ಮೆಯ ಹಾಗೆ ಮಿನುಗುತ್ತಿತ್ತು. ಕೆಳಗಿನ ಮೂಲೆಯಲ್ಲಿ ಮಾತ್ರ ಹೂಕೋಸು ಕೊಳೆತ ಹಾಗೊಂದು ಗುಪ್ಪೆ, ನಡುವೆ ಹುಣ್ಣು. “ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದೀನಿ. ವರದಿ ಬರೋವರೆಗೂ ಇದೇ ಅಂತ ಹೇಳಲ್ಲ” ಅಂದರು. ಮುಖ ಮಾತ್ರ ಹೇಳಿಬಿಟ್ಟಿತ್ತು. ಅಭಿನಯ ಬಾರದ ಅಭಿನಯಾ!

ಒಂದು ಬಾಟಲಿ ರಕ್ತ ಏರಿಸಿ, ಮಾತ್ರೆ ಬರೆದುಕೊಟ್ಟು ಕಳಿಸಿದರು. ಬಸ್ಸಿನಲ್ಲಿ ಮಂಗಳ ಕೇಳಿದಳು, “ಏನಂತೆ?”

“ಅಲ್ಸರ್!” ಎಂದೆ. ಬಾಯಿಗೆ ತಾನಾಗಿ ಬಂತು. ಎಷ್ಟು ಸಲೀಸಾಗಿ ಬಂತೆಂದರೆ ಹಿಂದಿನ ಸೀಟಿನವರೂ ನೆಮ್ಮದಿಯಿಂದ ನಿಟ್ಟುಸಿರು ಬಿಟ್ಟರು.

ಫೆಬ್ರವರಿ 12, ಬುಧವಾರ

ಮಂಗಳನಿಗೆ ಘಾಟಿ ಆಗದು ಎಂಬ ನೆಪ ಮಾಡಿ ಒಬ್ಬನೇ ಹೋದೆ.

ಕ್ಯಾನ್ಸರ್.

ಡಾಕ್ಟರು ಕಾಗದದ ಮೇಲೆ ಹೊಟ್ಟೆ ಬರೆದು ತೋರಿಸಿದರು. ಹೊಟ್ಟೆಯಿಂದ ಕರುಳಿಗೆ ಅನ್ನ ಇಳಿಯುವ ಬಾಗಿಲಿನ ಹತ್ತಿರ ಬೆಳೆದಿದೆ, ಬಾಗಿಲು ಕಿರಿದಾಗುತ್ತಿದೆ, ಎರಡು ತುತ್ತಿಗೆ ತುಂಬಿದ ಹಾಗಾಗುವುದು ಅದಕ್ಕೇ. “ಸ್ಕ್ಯಾನ್ ಮಾಡೋಣ. ಬೇರೆ ಕಡೆ ಹೋಗಿಲ್ಲ ಅಂದ್ರೆ ಕೊಯಮತ್ತೂರಿನಲ್ಲಿ ಆಪರೇಷನ್. ಅಮ್ಮ ಎಲ್ಲಿ? ಅವರಿಗೆ ನಾನೇ ಹೇಳಬೇಕು.”

“ಬೇಡ ತಾಯಿ!” ಎಂದು ಕೈ ಜೋಡಿಸಿದೆ. “ಅವಳು ಕುಸಿದುಹೋಗ್ತಾಳೆ. ಮೂವತ್ತೆಂಟು ವರ್ಷ ಸಂಸಾರ ಮಾಡಿದವನು, ನಾನು ಹೇಳ್ತೀನಿ. ನನ್ನ ರೀತೀಲಿ, ಮೆಲ್ಲಗೆ.”

“ಕಾಯಿಲೆ ಅವರದ್ದು, ಅಯ್ಯ.”

“ಗೊತ್ತು ತಾಯಿ. ಒಂದು ವಾರ ಕೊಡಿ.”

ಅವರು ನನ್ನನ್ನೇ ನೋಡಿದರು. “ಈ ಮಾತ್ರೆಯಿಂದ ಉರಿ ಇಳಿಯುತ್ತೆ, ಊಟ ಸೇರುತ್ತೆ. ವಾಸಿ ಆಯ್ತು ಅಂತ ಯಾರೂ ನಂಬಬಾರದು. ಮಾತ್ರೆ ಆರಿಸೋದು ಉರೀನ, ಗೆಡ್ಡೇನಲ್ಲ.”

ಗುಂಡ್ಲುಪೇಟೆಯಲ್ಲಿರುವ ಮಗಳು ಸುನೀತಾಗೆ ಬಸ್‌ಸ್ಟ್ಯಾಂಡಿನಿಂದಲೇ ಫೋನು ಮಾಡಿದೆ. ಬಾಣಂತಿ, ಕೂಸಿಗೆ ಇನ್ನೂ ತಿಂಗಳು ತುಂಬಿಲ್ಲ. ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, “ಅಮ್ಮನಿಗೆ ಹೇಳಪ್ಪ. ನಾಟಕ ಆಡ್ಬೇಡ” ಎಂದಳು. ನನಗೆ ರೇಗಿತು. ನಾಟಕವೇನು ಬೈಗುಳವೇ?

ಮಸಿನಗುಡಿಯಲ್ಲಿ ಇಳಿದವನೇ ಎದುರಿಗಿದ್ದ ಸುಬ್ಬನ ಟೀ ಅಂಗಡಿಗೆ ಹೋದೆ. ಸುಬ್ಬ ನನ್ನ ತಂಡದಲ್ಲಿ ಇಪ್ಪತ್ತು ವರ್ಷ ಮೃದಂಗ ಬಾರಿಸಿದವನು. ಅವನ ಹೆಗಲ ಮೇಲೆ ಕೈಯಿಟ್ಟು ಪಿಸುದನಿಯಲ್ಲಿ ಎಲ್ಲ ಹೇಳಿದೆ. ಹಗುರವಾಯಿತು. ಕಣ್ಣೊರೆಸಿಕೊಂಡು, ಮೀಸೆ ತೀಡಿಕೊಂಡು, ರಸ್ತೆ ದಾಟಿ, ನಮ್ಮ ಬಾಗಿಲಲ್ಲಿ ನಿಂತು ಸಾರಿದೆ: “ಮಂಗಳಾ! ಅಲ್ಸರ್! ಬರೀ ಅಲ್ಸರ್!”

ಅವಳು ಮೊರದಲ್ಲಿದ್ದ ಅವರೆಕಾಳು ಕೆಳಗಿಟ್ಟು, “ಅಯ್ಯೋ, ಅದಕ್ಯಾಕೆ ಇಷ್ಟು ಕೂಗಾಡ್ತೀರಿ, ಊರಿಗೆಲ್ಲ ಗೊತ್ತಾಗ್ಬೇಕಾ” ಅಂದಳು.

ನನ್ನ ಜೀವಮಾನದ ಶ್ರೇಷ್ಠ ಅಭಿನಯ. ನೋಡಿದವಳು ಒಬ್ಬಳೇ.

ಫೆಬ್ರವರಿ 14, ಶುಕ್ರವಾರ

ಇಂದು ಬೆಳಗ್ಗೆ ಸುಬ್ಬನ ಹೆಂಡತಿ ಇಂದ್ರಾಣಿ ಹಾರ್ಲಿಕ್ಸ್ ಡಬ್ಬಿ, ದಾಳಿಂಬೆ ತಂದು ಮಂಗಳನ ಕೈ ಹಿಡಿದುಕೊಂಡು ಗೊಳೋ ಎಂದು ಅತ್ತಳಂತೆ. ಮಧ್ಯಾಹ್ನ ಮಾವನಲ್ಲ ಎಂಬ ಪಕ್ಕದ ಊರಿನಿಂದ ಜೀಪು ಓಡಿಸುವ ನಂಜುಂಡೇಶ ಬಂದು, ಮಂಗಳನಿಗೆ ಕೈ ಮುಗಿದು, ಏನೂ ಮಾತಾಡದೆ ಹೋದನಂತೆ. ತರಕಾರಿ ಅಂಗಡಿಯವನು ಕ್ಯಾರೆಟ್ಟಿಗೆ ಕಾಸೇ ಮುಟ್ಟಲಿಲ್ಲವಂತೆ.

“ಏನ್ರೀ ಇದು, ಎಲ್ರೂ ನನ್ನ ಫೋಟೋಕ್ಕೆ ಹಾರ ಹಾಕಿರೋ ಥರ ನೋಡ್ತಾವ್ರೆ?” ಎಂದಳು.

“ನಿನ್ನ ಮೇಲೆ ಊರಿಗಿರುವ ಪ್ರೀತಿ ಕಣೇ!” ಎಂದೆ.

ಸುಬ್ಬನನ್ನು ಹಿಡಿದು ಕೇಳಿದೆ, “ಯಾರಿಗೆ ಹೇಳಿದೆಯೋ ಪಾಪಿ?”

“ನಾನೆಲ್ಲಿ ಹೇಳ್ಲಿ ಗುರುಸಾಮಣ್ಣ? ನೀನೇ ಹೇಳ್ದಲ್ಲ. ಬಸ್ಸಲ್ಲಿ ಕೂತಿದ್ದೋರು ಕಿಟಕಿಯಿಂದ ಕತ್ತು ಆಚೆ ಹಾಕಿ ಕೇಳುಸ್ಕಂಡ್ರು. ಡ್ರೈವರ್ರು ಇಂಜಿನ್ ಆಫ್ ಮಾಡ್ದ.”

ಸ್ವಗತ! ಅಪ್ಪ ಹೇಳಿಕೊಟ್ಟದ್ದು. ಸ್ವಗತ ಎಂದರೆ ಪಾತ್ರ ತನಗೆ ತಾನೇ ಆಡಿಕೊಳ್ಳುವ ಮಾತು, ಆದರೆ ಕೊನೆಯ ಸಾಲಿನಲ್ಲಿ ಗೋಣಿಚೀಲ ಹಾಸಿಕೊಂಡು ಕೂತವನಿಗೂ ಕೇಳಬೇಕು. ಪಕ್ಕದಲ್ಲಿ ನಿಂತ ಪಾತ್ರಕ್ಕೆ ಮಾತ್ರ ಕೇಳಿಸಬಾರದು. ಅದೇ ಆಗಿದೆ. ನನಗೆ ಬರುವ ಪಿಸುಮಾತು ಅದೊಂದೇ.

ರಾತ್ರಿ ಅವಳು ಎರಡು ರೊಟ್ಟಿ ತಿಂದಳು. ಮಾತ್ರೆಯ ಪ್ರಭಾವ. “ನೋಡಿ, ಉರಿ ಇಲ್ಲ, ಏನಿಲ್ಲ” ಎಂದು ನಕ್ಕಳು. ನನಗೆ ಸೇರಲಿಲ್ಲ. ತಟ್ಟೆ ಸರಿಸಿದೆ.

ಫೆಬ್ರವರಿ 19, ಬುಧವಾರ

ಸ್ಕ್ಯಾನ್ ಆಯಿತು. ಹುಣ್ಣು ಎಷ್ಟು ಆಳವಿದೆ ನೋಡುತ್ತಾರೆ ಎಂದು ಹೇಳಿ ಕರೆದೊಯ್ದಿದ್ದೆ. ಆಸ್ಪತ್ರೆಯಲ್ಲಿ ಕೊಟ್ಟಿರುವುದು ನನ್ನ ಫೋನ್ ನಂಬರು, ಹಾಗಾಗಿ ಸಂಜೆ ಡಾಕ್ಟರು ನನಗೇ ಮಾಡಿದರು.

“ಬೇರೆಲ್ಲೂ ಹರಡಿದ ಹಾಗೆ ಕಾಣ್ತಿಲ್ಲ, ಅಯ್ಯ. ಅದೃಷ್ಟ. ಮಾರ್ಚ್ ಮೊದಲ ವಾರ ಕೊಯಮತ್ತೂರಿನಲ್ಲಿ ದಿನ ಕೇಳ್ತೀನಿ. ಹೇಳಿದ್ರಾ?”

“ಹೇಳ್ತೀನಿ ತಾಯಿ.”

“ವಾರ ಆಯ್ತು.”

“ಇವತ್ತೇ ಹೇಳ್ತೀನಿ.”

ಹೇಳಿದೆ. ಏನು ಹೇಳಿದೆ? ಅಲ್ಸರ್ ದೊಡ್ಡದಿದೆಯಂತೆ, ಕುಯ್ದು ತೆಗೆಯಬೇಕಂತೆ ಎಂದೆ. ಮಂಗಳ ಮುಸುರೆ ತಿಕ್ಕುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

“ಅಲ್ಸರ್ಗೆ ಯಾರ್ರೀ ಹೊಟ್ಟೆ ಕುಯ್ತಾರೆ? ಮಾತ್ರೇಲೇ ಕಮ್ಮಿ ಆಯ್ತು. ಈಗ ಬೇಡ.”

“ಡಾಕ್ಟ್ರು ಹೇಳಿದ್ದಾರೆ ಕಣೇ.”

“ಈಗ ಬೇಡ ಅಂದೆನಲ್ಲ. ಮನೇಲಿ ನಾನು ನೋಡ್ಕಬೇಕಾದ್ದು ಅದೆ.”

ಅವಳು ಒಮ್ಮೆ ಬೇಡ ಅಂದರೆ ಬೇಡ. ನಾನೇ ಕಟ್ಟಿದ ಅಲ್ಸರ್. ಈಗ ಅದನ್ನು ಅವಳಿಗಿಂತ ಗಟ್ಟಿಯಾಗಿ ನಂಬುವವರು ಯಾರೂ ಇಲ್ಲ.

ಫೆಬ್ರವರಿ 21, ಶುಕ್ರವಾರ

ಹೇಳಲಿಲ್ಲ. ಹೇಳಲು ಅಡುಗೆಮನೆಗೆ ಹೋದೆ. ಅವಳು ಗಂಜಿ ಕಾಯಿಸುತ್ತಿದ್ದಳು. ತನಗೆ ಅಂದುಕೊಂಡೆ, ನನಗೆ ಬಡಿಸಿದಳು. ಕುಡಿದು ಬಂದೆ.

ಫೆಬ್ರವರಿ 23, ಭಾನುವಾರ

ಡಾಕ್ಟರು ಎರಡು ಸಲ ಫೋನು ಮಾಡಿದರು. ಎತ್ತಲಿಲ್ಲ. ಸುನೀತಾ ಮಾಡಿದಳು. ಎತ್ತಲಿಲ್ಲ.

ಫೆಬ್ರವರಿ 26, ಬುಧವಾರ

ವಾಳೈತೋಟ್ಟದಲ್ಲಿ ಮದುವೆಗೆ ಮೈಕ್ ಸೆಟ್ ಹಾಕಿದ್ದೆ. ಗಂಡಿನ ಕಡೆಯವರ ಹೆಸರು ಓದಿ ಸ್ವಾಗತ ಹೇಳಬೇಕಿತ್ತು. ಇಷ್ಟು ವರ್ಷ ಮೈಕಿನಿಂದ ಒಂದು ಮಾರು ದೂರ ನಿಂತು ಹೇಳುತ್ತಿದ್ದೆ, ಆದರೂ ಆಚೆ ಬೇಲಿಯವರೆಗೆ ಹೋಗುತ್ತಿತ್ತು. ಇಂದು ಯಾರೋ, “ಜೋರಾಗಿ ಹೇಳ್ರೀ, ಕೇಳ್ತಿಲ್ಲ” ಎಂದರು. ಆಂಪ್ಲಿಫಯರ್ ನೋಡಿದೆ, ಸರಿಯಾಗಿಯೇ ಇದೆ. ವೈರು ಎಲ್ಲೋ ಹೋಗಿರಬೇಕು.

ಸಿಂಗಾರ ಎಂಬ ಊರಿಗೆ ತಿರುಗುವ ಕಡೆ ಆನೆಗಳು ರಸ್ತೆಯಲ್ಲಿದ್ದವು. ಜೀಪು ನಿಲ್ಲಿಸಿ ಕಾಯುತ್ತ ಕುಳಿತೆ. ಅವು ಹೋದ ಮೇಲೂ ಸ್ವಲ್ಪ ಹೊತ್ತು ಕುಳಿತಿದ್ದೆ. ಮನೆಗೆ ಹೋಗಲು ಅವಸರವಿರಲಿಲ್ಲ.

ಮಂಗಳ ನನ್ನ ಬೆಲ್ಟು ಕೈಗೆತ್ತಿಕೊಂಡು, “ಹೊಸ ತೂತ ಯಾವಾಗ ಹೊಡ್ದ್ರಿ?” ಎಂದು ಕೇಳಿದಳು.

“ಹಳೇ ಬೆಲ್ಟು. ಚರ್ಮ ಜಗ್ಗುತ್ತೆ.”

“ಎರಡು ವಾರಕ್ಕೆ ಮೂರು ಬೆರಳು ಜಗ್ತದಾ ಚರ್ಮ?” ಎದುರಿಗೆ ಬಂದು ಕೂತಳು. “ಈಗ ಕೇಳಿ. ನಾನು ಆಪರೇಷನ್ ಮಾಡುಸ್ಕಬೇಕು, ಅಲ್ವ? ಮಾಡುಸ್ಕತೀನಿ. ಮೊದಲು ನೀವು ಆ ಪೈಪ್ ಹಾಕುಸ್ಕಳಿ.”

“ನನಗ್ಯಾಕೆ?”

“ಊಟ ಸೇರ್ತಾ ಇಲ್ಲ. ಮೈ ಇಳ್ದದೆ. ನಿಮ್ಮ ಗಂಟಲು ಕೇಳಿ ಎಷ್ಟು ದಿನ ಆಯ್ತು. ಪಕ್ಕದ ಮನೆ ನಾಯಿ ಕೂಡ ಈಗ ನಿಮ್ಮನ್ನ ಕಂಡು ಬೊಗಳಲ್ಲ.” ಅವಳು ನಗಲಿಲ್ಲ. “ನೀವು ಹಾಕುಸ್ಕಂಡ್ರೆ ನಾನು ಬರ್ತೀನಿ. ಇಲ್ಲ ಅಂದ್ರೆ ಇಲ್ಲ.”

ಒಪ್ಪಿದೆ. ಹೇಳುವುದಕ್ಕಿಂತ ಕೊಳವೆ ನುಂಗುವುದು ಸುಲಭ ಅನ್ನಿಸಿತು. ಅವಳು ಆಪರೇಷನ್ನಿಗೆ ಬಂದರೆ ಸಾಕಲ್ಲ, ಏನು ಕಾಯಿಲೆ ಎಂದು ಗೊತ್ತಾಗಲೇಬೇಕೆ?

ಇದನ್ನು ಬರೆದ ಮೇಲೆ ಓದಿ ನೋಡಿದೆ. ಹೊಡೆದು ಹಾಕೋಣ ಅನ್ನಿಸಿತು. ಇರಲಿ ಬಿಡು.

ಮಾರ್ಚ್ 4, ಮಂಗಳವಾರ

ಬಿಡದೆ ಬರೆಯುತ್ತೇನೆ.

ಊಟಿಯಲ್ಲಿ ಡಾಕ್ಟರು ನನ್ನನ್ನು ತೂಗಿಸಿ, ಹೊಟ್ಟೆ ಒತ್ತಿ ನೋಡಿದರು. “ಇಷ್ಟು ಇಳಿದಿದ್ದೀರಿ, ನೋಡೋದೇ ಒಳ್ಳೇದು” ಎಂದರು. ಮಂಗಳ ಹೊರಗಿದ್ದಳು. “ಹೇಳಿದ್ರಾ?” ಎಂದು ಕೇಳಿದರು. ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಇದು ಮುಗಿದ ಮೇಲೆ ಅಮ್ಮನನ್ನ ಒಳಗೆ ಕರೀತೀನಿ. ಅಷ್ಟರಲ್ಲಿ ಅವರು ನಿಮ್ಮಿಂದ ಕೇಳಿದ್ರೆ ವಾಸಿ.”

ತೇನ್ಮೊಳಿ ಗಂಟಲಿಗೆ ಬಾಳೆಹಣ್ಣಿನ ವಾಸನೆಯ ಔಷಧಿ ಹೊಡೆದಳು. ನಾಲಗೆಯ ಬುಡ ನನ್ನದಲ್ಲ ಅನ್ನಿಸತೊಡಗಿತು. ಕೊಳವೆ ಇಳಿಯುವಾಗ ಕಣ್ಣಿಂದ, ಮೂಗಿಂದ, ಬಾಯಿಂದ ನೀರು. “ಮೂಚ್ಚು ಇಳುಂಗ ಅಯ್ಯಾ, ಮೂಚ್ಚು ವಿಡುಂಗ” ಎಂದು, ಉಸಿರು ಎಳೆದುಕೊಳ್ಳಿ, ಬಿಡಿ ಎಂದು, ತಲೆ ನೇವರಿಸುತ್ತಿದ್ದಳು. ಮಂಗಳನಿಗೂ ಹೀಗೇ ಆಗಿತ್ತು. ಆಗ ನಾನು ಹೊರಗೆ ಕೂತಿದ್ದೆ.

“ನಿಮ್ಮ ಹೊಟ್ಟೇಲಿ ಏನೂ ಇಲ್ಲ ಅಯ್ಯ. ಅನ್ನಾನೂ ಇಲ್ಲ” ಎಂದರು ಡಾಕ್ಟರು.

ಹೊರಗೆ ಬೆಂಚಿನಲ್ಲಿ ಮಂಗಳ ಎರಡು ಕೈಯಲ್ಲೂ ಚೀಲ ಹಿಡಿದುಕೊಂಡು ಕೂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ತೇನ್ಮೊಳಿ, “ಅಯ್ಯಾವುಕ್ಕು ಒಣ್ಣುಮಿಲ್ಲೆ ಅಮ್ಮಾ, ನಲ್ಲಾ ಇರುಕ್ಕಾರ್” ಎಂದು ಹೇಳಿ ಹೋದಳು. ನನಗೆ ಏನೂ ಇಲ್ಲ, ಚೆನ್ನಾಗಿದ್ದೇನೆ ಎಂದು.

ಮಂಗಳ ಚೀಲ ಕೆಳಗೆ ಹಾಕಿ ನನ್ನ ತೋಳಿಗೆ ಹಣೆಯಿಟ್ಟು ಅತ್ತಳು. ಆಮೇಲೆ ನಕ್ಕಳು. ನನ್ನ ಭುಜಕ್ಕೆ ಗುದ್ದಿದಳು.

“ನಿಮ್ಮ ಮನೆ ಹಾಳಾಗ! ಎಷ್ಟು ದಿನದಿಂದ ನನ್ನ ಸಾಯುಸ್ತಿದ್ದೀರಿ! ಡಾಕ್ಟ್ರು ನಿಮ್ಮನ್ನ ಒಬ್ರನ್ನೇ ಒಳಗೆ ಕರೀತಾರೆ, ನೀವು ಮಖ ಬಿಳಿ ಮಾಡ್ಕಂಡು ಬರ್ತೀರಿ. ಊಟ ಬುಟ್ರಿ, ಕೂಗಾಟ ಬುಟ್ರಿ. ಆ ಇಂದ್ರಾಣಿ ನನ್ನ ಕೈ ಹಿಡ್ಕಂಡು ಅತ್ತಳು ಕಣ್ರೀ. ನನ್ನ ಗಂಡ ಹೋಗ್ತಾನೆ ಅಂತ ಅಳ್ತಾವಳೆ ಅಂದ್ಕಂಡೆ. ಏನೋ ದೊಡ್ಡ ಕಾಯ್ಲೆ ನಿಮಗೆ, ಊರಿಗೆಲ್ಲ ಗೊತ್ತು, ನನಗೆ ಮಾತ್ರ ಮುಚ್ಚಿಡ್ತಾವ್ರೆ ಅಂದ್ಕಂಡೆ. ನಾನು ಆಪರೇಷನ್ ಅಂತ ಮಲಗಿಬುಟ್ರೆ ನಿಮ್ಮನ್ನ ಯಾರು ನೋಡ್ತಾರೆ ಅಂತ ಬೇಡ ಅಂದೆ. ನಂದೇನು, ಅಲ್ಸರ್ ತಾನೆ, ಕಾಯ್ತದೆ ಅಂದೆ.”

ಮುಖ ಒರೆಸಿಕೊಂಡು ಗೋಡೆಯ ಮೇಲಿದ್ದ ಕ್ಯಾಲೆಂಡರಿನ ದೇವರಿಗೆ ಕೈ ಮುಗಿದಳು.

ನಾಲಗೆ ದಪ್ಪವಾಗಿತ್ತು. ಜೊಲ್ಲು ಸುರಿಯುತ್ತಿತ್ತು, ಒರೆಸಿಕೊಳ್ಳುತ್ತಿದ್ದೆ. ದನಿ ಇರಲಿಲ್ಲ. ಅವಳ ಕಿವಿಯ ಹತ್ತಿರ ಬಾಗಿ ಹೇಳಿದೆ.

“ಕಾಯಿಲೆ ನಿನಗೆ.”

“ಏನು?” ಅಂದಳು. ಕೇಳಿಸಿರಲಿಲ್ಲ.

ಮತ್ತೆ ಹೇಳಿದೆ. “ಕಾಯಿಲೆ ನಿನಗೆ ಮಂಗಳ. ಅಲ್ಸರ್ ಅಲ್ಲ. ಕ್ಯಾನ್ಸರ್. ಕುಯ್ದು ತೆಗೆಯಬಹುದು ಅಂದಿದ್ದಾರೆ. ತಡ ಮಾಡಿದವನು ನಾನು.”

ಪಕ್ಕದ ಬೆಂಚಿನಲ್ಲಿ ಕೂತಿದ್ದ ಮುದುಕರು ತಿರುಗಿ ನೋಡಲಿಲ್ಲ. ಅವಳೊಬ್ಬಳಿಗೇ ಕೇಳಿಸಿತು.

ಅವಳು ಮುಗಿದ ಕೈಯನ್ನು ನಿಧಾನವಾಗಿ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡಳು. “ಯಾವತ್ತು ಗೊತ್ತಾಯ್ತು?”

“ಅವರೆಕಾಳು ಬಿಡಿಸ್ತಿದ್ದೆಯಲ್ಲ, ಅವತ್ತು.”

“ಸುಬ್ಬಂಗೆ?”

“ಅವತ್ತೇ.”

“ನಂಗಿಂತ ಮುಂಚೆ?”

ತಲೆ ತಗ್ಗಿಸಿದೆ. ಅವಳು ಎದ್ದು, ಸೆರಗು ಸರಿಮಾಡಿಕೊಂಡು, ಡಾಕ್ಟರ ಕೋಣೆಗೆ ಹೋಗಿ ಹಿಂದಿನಿಂದ ಬಾಗಿಲು ಹಾಕಿಕೊಂಡಳು. ನಾನು ಚೀಲ ಎತ್ತಿಕೊಂಡು ಕೂತೆ. ಒಳಗಿಂದ ಅಳು ಕೇಳುತ್ತದೇನೋ ಎಂದು ಕಾದೆ. ಕೇಳಲಿಲ್ಲ. ಬಹಳ ಹೊತ್ತು ಮಾತು ಕೇಳುತ್ತಿತ್ತು, ಒಮ್ಮೆ ಅವಳದು, ಒಮ್ಮೆ ಅವರದು.

ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು.

ಮಾರ್ಚ್ 6, ಗುರುವಾರ

ಎರಡು ದಿನದಿಂದ ಮಾತಿಲ್ಲ. ಅಡುಗೆ ಮಾಡುತ್ತಾಳೆ, ಬಡಿಸುತ್ತಾಳೆ.

ಇಂದು ಬೆಳಗ್ಗೆ ರಸ್ತೆ ದಾಟಿ ಸುಬ್ಬನ ಅಂಗಡಿಗೆ ತಾನೇ ಹೋದಳು. ನಾನು ಶಟರ್ ಎತ್ತುತ್ತ ನೋಡಿದೆ. ಬೆಂಚಿನಲ್ಲಿ ಕೂತವರೆಲ್ಲ ಎದ್ದು ನಿಂತರು.

“ಕೂತ್ಕಳ್ರಪ್ಪ, ಇನ್ನೂ ಇದ್ದೀನಿ” ಎಂದಳು. “ಒಂದು ಟೀ ಕೊಡು ಸುಬ್ಬ. ನನ್ನ ಹೊಟ್ಟೇಲಿ ಏನದೆ ಅಂತ ನನಗಿಂತ ಮೊದಲು ನಿಂಗೇ ಗೊತ್ತಲ್ಲ, ಸಕ್ಕರೆ ಎಷ್ಟು ಅಂತಾನೂ ನೀನೇ ಹೇಳ್ಬುಡು.”

ಸುಬ್ಬನ ಕೈಯಿಂದ ಲೋಟ ಜಾರಿ ಒಡೆಯಿತು. “ಅಕ್ಕ, ಗುರುಸಾಮಣ್ಣ ಹೇಳ್ತಾನೆ ಅಂತ...”

“ನಿಮ್ಮ ಗುರುಸಾಮಣ್ಣ ಹೇಳಿದ. ಮೂರು ವಾರ ಆದ್ಮೇಲೆ.”

ಮೊದಲು ಅವಳೇ ನಕ್ಕಳು, ಆಮೇಲೆ ಎಲ್ಲರೂ. ನಾನು ಶಟರ್ ಹಿಡಿದುಕೊಂಡೇ ನಿಂತಿದ್ದೆ.

ಮನೆಗೆ ಬಂದು ನನಗೆ ಹೇಳಿದಳು: “ಆಸ್ಪತ್ರೇಲಿ ನಂಬರು ನಂದು ಕೊಟ್ಟು ಬಂದಿದ್ದೀನಿ. ಇನ್ಮೇಲೆ ಡಾಕ್ಟ್ರು ಏನೇ ಹೇಳಿದ್ರೂ ನನಗೆ ಹೇಳ್ತಾರೆ. ನೀವು ಬೆಂಚಲ್ಲಿ ಕೂತಿರಿ. ಹೇಳ್ಬೇಕಾದ್ದನ್ನ ನಾನು ನಿಮಗೆ ಹೇಳ್ತೀನಿ.”

“ಆಗಲಿ” ಎಂದೆ.

“ಕಪ್ಪಗಾಗ್ತದೆ ಅಂದಾಗ ಎಲ್ರ ಮುಂದೆ ನಗುಸುದ್ರಿ. ಅವತ್ತಿಂದ ನಿಮಗೆ ಏನೂ ಹೇಳ್ಬೇಕು ಅನ್ನುಸ್ಲಿಲ್ಲ. ನಲ್ಲಿ ಹತ್ರ ಬೀಳೋಕೆ ಮುಂಚೆ ಇನ್ನೂ ಎರಡು ಸಲ ತಲೆ ಸುತ್ತಿತ್ತು. ಹೇಳ್ಲಿಲ್ಲ.”

ಅಷ್ಟು ಹೇಳಿ ಸೊಪ್ಪು ಹೆಚ್ಚಲು ಕೂತಳು. ನಾನೂ ಎದುರಿಗೆ ಕೂತು ಸೊಪ್ಪು ಬಿಡಿಸಿಕೊಟ್ಟೆ.

ಮಾರ್ಚ್ 13, ಗುರುವಾರ. ಕೊಯಮತ್ತೂರು

ಬೆಳಗ್ಗೆ ಒಳಗೆ ಕರೆದುಕೊಂಡು ಹೋದರು. ಓಲೆ, ತಾಳಿ, ಬಳೆ ಬಿಚ್ಚಿ ಸುನೀತಾಳ ಕೈಗೆ ಕೊಟ್ಟಳು. ಕೂಸಿನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ನನ್ನನ್ನು ನೋಡಿ, “ಊಟ ಮಾಡಿ” ಎಂದಳು.

ಧೈರ್ಯ ಹೇಳುವ ಮಾತು ನನ್ನ ಬಳಿ ನೂರಿದ್ದವು. ಒಂದೂ ಆಡಲಿಲ್ಲ.

ಸಂಜೆ ಸರ್ಜನ್ನರು ಹೊರಗೆ ಬಂದರು. ಗೆಡ್ಡೆ ತೆಗೆದಿದ್ದಾರೆ, ಹೊಟ್ಟೆಯ ಮುಕ್ಕಾಲು ಪಾಲು ತೆಗೆದಿದ್ದಾರೆ. ಉಳಿದ ವಿಷಯ ಪರೀಕ್ಷೆಯ ವರದಿಯಲ್ಲಿ ಗೊತ್ತಾಗುತ್ತದೆ. ಸರ್ಜನ್ನರು ನನ್ನನ್ನು ಪಕ್ಕಕ್ಕೆ ಕರೆದು ಇನ್ನೇನೋ ಹೇಳಲು ಹೊರಟರು. “ಅವಳಿಗೆ ಎಚ್ಚರವಾದ ಮೇಲೆ ಅವಳಿಗೇ ಹೇಳಿ ಸಾರ್” ಎಂದೆ. ಅವರಿಗೆ ವಿಚಿತ್ರ ಅನ್ನಿಸಿರಬೇಕು.

ಕ್ಯಾಂಟೀನಿನಲ್ಲಿ ಊಟ ಮಾಡಿದೆ. ಪೂರ್ತಿ ತಿಂದೆ.

ಮಾರ್ಚ್ 17, ಸೋಮವಾರ. ಕೊಯಮತ್ತೂರು

ಎರಡು ಚಮಚ ನೀರು ಕುಡಿದಳು. ಅರ್ಧ ಗಂಟೆಗೆ ಮತ್ತೆರಡು. ಚಮಚ ಹಿಡಿಯುವ ಕೆಲಸ ನನ್ನದು.

ಪಕ್ಕದ ಮಂಚದಲ್ಲಿ ಕುಂದಾ ಕಡೆಯ ವಸಂತಾಮಣಿ ಎಂಬ ಹೆಂಗಸು. ಅವರ ಗಂಡ ಪವರ್‌ಹೌಸಿನಲ್ಲಿ ಕೆಲಸದಲ್ಲಿದ್ದವರು. “ನಿಮ್ಮವರು ಮಾತೇ ಆಡಲ್ಲ, ಅಲ್ಲವಾ?” ಎಂದು ಆಕೆ ಮಂಗಳನನ್ನು ಕೇಳಿದಳು. ಮಂಗಳನಿಗೆ ನಗು ಬಂತು. ಹೊಲಿಗೆ ಎಳೆಯಿತು, ಹೊಟ್ಟೆ ಹಿಡಿದುಕೊಂಡು, “ಅಯ್ಯೋ ನಗುಸ್ಬೇಡಿ ಕಣಮ್ಮ” ಎಂದಳು. ಯಾಕೆ ನಕ್ಕಳೋ ತಿಳಿಯಲಿಲ್ಲ.

ಮಾರ್ಚ್ 26, ಬುಧವಾರ. ಕೊಯಮತ್ತೂರು

ಇಂದು ವರದಿ. ಮಂಗಳ ಹೊಟ್ಟೆಯ ಮೇಲೆ ಒಂದು ಕೈಯಿಟ್ಟುಕೊಂಡು ಮೆಲ್ಲಗೆ ನಡೆದು ಡಾಕ್ಟರ ಕೋಣೆಗೆ ಹೋದಳು. ಸುನೀತಾ ಕೂಸಿಗೆ ಹಾಲು ಕುಡಿಸಲು ಒಳಗೆಲ್ಲೋ ಹೋಗಿದ್ದಳು. ನಾನು ಬೆಂಚಿನಲ್ಲಿ ಕೂತೆ. ಬಾಗಿಲ ಹತ್ತಿರದ ಜಾಗ ಖಾಲಿಯಿತ್ತು, ದೂರದ್ದರಲ್ಲಿ ಕೂತೆ.

ಒಳಗಿರುವವಳಿಗೆ ಈಗ ಗೊತ್ತಾಗಿರುತ್ತದೆ, ಹೊರಗಿರುವ ನನಗೆ ಗೊತ್ತಿಲ್ಲ. ಹೀಗಿರುತ್ತದೆ ಎಂದು ತಿಳಿದಿರಲಿಲ್ಲ. ಅವಳು ಮೂರು ವಾರ ಇದ್ದಳು ಹೀಗೆ. ಕಾಯಿಲೆ ತನ್ನ ಗಂಡನಿಗೆ ಎಂದುಕೊಂಡು ಇದ್ದಳು.

ಬಂದಳು. ಪಕ್ಕದಲ್ಲಿ ಕೂತಳು. ಉಸಿರು ತಿರುಗಿಸಿಕೊಂಡು ಹೇಳಿದಳು.

“ಗೆಡ್ಡೆ ಪೂರ್ತಿ ಬಂದದೆ. ಕುಯ್ದ ಅಂಚಲ್ಲಿ ಏನೂ ಉಳ್ದಿಲ್ಲ. ಪಕ್ಕದ ಸಣ್ಣ ಗಂಟುಗಳಲ್ಲಿ ಎರಡಕ್ಕೆ ಕಾಯ್ಲೆ ಸೇರ್ಕಂಡದೆ. ಅದಕ್ಕೆ ಡ್ರಿಪ್ಪಲ್ಲಿ ಔಷಧಿ ಕೊಡ್ತಾರೆ. ಆರು ತಿಂಗಳು. ವಾಂತಿ ಆಗ್ಬಹುದು, ಸುಸ್ತಾಗ್ಬಹುದು. ವಾಸಿ ಆಗ್ತದಾ ಅಂತ ಕೇಳ್ದೆ. ಆಗ್ಬಹುದು, ಆಗ್ದೇನೂ ಇರ್ಬಹುದು, ಆಗೋ ಕಡೇನೇ ಜಾಸ್ತಿ ಅಂದ್ರು.”

ನಾನು ಅವಳನ್ನು ನೋಡಿದೆ.

“ನೋಡಿ, ಇಷ್ಟೇ” ಎಂದಳು. “ಹೇಳೋಕೆ ಎಷ್ಟು ಹೊತ್ತು ಹಿಡೀತು?”

ಬಾಯಿ ತೆರೆದೆ.

“ಏನೂ ಹೇಳ್ಬೇಡಿ. ಕೈ ಕೊಡಿ, ಏಳ್ಬೇಕು.”

ಕೊಟ್ಟೆ.